ಬಾವಿಗೇನು ನುಕ್ಸಾನ?

ಪಾಠದ ಮೊದಲ ದಿನ ಮಕ್ಕಳನ್ನು ಮಾತಿಗೆಳೆಯಲೆಂದು, ನಮಗೆ ಸ್ವಾತಂತ್ರ್ಯ ಬಂದದ್ದು ಯಾವ ತಿಂಗಳಲ್ಲಿ ಎಂದು ಕೇಳಿದೆ. ಇಡೀ ತರಗತಿ ಒಂದೇ ದನಿಯಲ್ಲಿ ಸೆಪ್ಟೆಂಬರ್ ಎಂದಿತು. ಆಗಸ್ಟ್ ಎಂದು ತಿದ್ದಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಪಾಪ, ಇವರಿಗೆ ಗೊತ್ತಿಲ್ಲ ಎನ್ನುವ ಹಾಗೆ. ನಂಜನಗೂಡಿನಲ್ಲಿ ಓದಿ, ಮೈಸೂರಿನಲ್ಲಿ ತರಬೇತಿ ಮುಗಿಸಿ, ಇತಿಹಾಸವನ್ನು ಅರೆದು ಕುಡಿದಿದ್ದೇನೆ ಎಂಬ ಜಂಬದಲ್ಲಿ ಬಂದಿದ್ದವಳು ನಾನು. ದೇಶಕ್ಕೆಲ್ಲ ಬಂದ ಸ್ವಾತಂತ್ರ್ಯ ಈ ಸೀಮೆಗೆ ಬರಲು ಇನ್ನೊಂದು ವರ್ಷಕ್ಕೂ ಹೆಚ್ಚು ಹಿಡಿಯಿತು, ಅಲ್ಲಿಯವರೆಗೆ ಇವರು ನಿಜಾಮರ ಪ್ರಜೆಗಳಾಗಿಯೇ ಇದ್ದರು ಎಂಬುದು ನನಗೆ ಪುಸ್ತಕದಲ್ಲಿ ಗೊತ್ತಿತ್ತು, ತಲೆಯಲ್ಲಿ ಇಳಿದಿರಲಿಲ್ಲ. ಅವತ್ತು ಇಳಿಯಿತು.

ಊರಿನ ಹೆಸರು ಬರೆಯುವುದಿಲ್ಲ. ಯಾದಗಿರಿಯಲ್ಲಿ ರೈಲಿಳಿದು, ಬಸ್ಸಿನಲ್ಲಿ ಶಹಾಪುರಕ್ಕೆ ಬಂದು, ಅಲ್ಲಿಂದ ಸಗರದ ದಾರಿ ಹಿಡಿದರೆ ಸಿಗುವ ಹಳ್ಳಿಗಳಲ್ಲಿ ಒಂದು ಎಂದುಕೊಳ್ಳಿ. ನಾನು ಹೇಳಹೊರಟಿರುವ ಬಾವಿ ಇನ್ನೂ ಇದೆ, ಬಾವಿಯ ಮನೆಯವರೂ ಇದ್ದಾರೆ. ಶಾಲೆಗಳು ಉರ್ದುವಿನಿಂದ ಕನ್ನಡಕ್ಕೆ ಹೊರಳಿದ ಕಾಲ ಅದು. ಕನ್ನಡದಲ್ಲಿ ಕಲಿಸಬಲ್ಲವರು ಸಾಲದೆ ನಮ್ಮ ಮೈಸೂರು ಕಡೆಯಿಂದ, ಧಾರವಾಡದ ಕಡೆಯಿಂದ ಜನ ಬೇಕೆಂದು ಕೇಳುತ್ತಿದ್ದರು. ನನಗೆ ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಅರ್ಜಿ ಹಾಕಿದೆ. ಹುಡುಗಿಯೊಬ್ಬಳನ್ನೇ ಅಷ್ಟು ದೂರ ಹೇಗೆ ಕಳಿಸುವುದು ಎಂದು ಅಣ್ಣ ತಲೆ ಕೆಡಿಸಿಕೊಂಡಾಗ, ನಮ್ಮ ತಂದೆಯ ತಂಗಿ ಪುಟ್ಟತ್ತೆ ತನ್ನ ಟ್ರಂಕನ್ನು ತಾನೇ ತುಂಬಿಕೊಂಡು ಹೊರಟು ನಿಂತಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣತಮ್ಮಂದಿರ ಅಡುಗೆ ಮನೆಯಲ್ಲೇ ಕೂದಲು ಹಣ್ಣಾಗಿಸಿಕೊಂಡ ಹೆಂಗಸು. ಮಡಿಯಲ್ಲಿ ಬೆಂಕಿ.

ಇಲ್ಲಿ ಹೆಣ್ಣು ಮೇಷ್ಟರನ್ನು ಅಕ್ಕೋರು ಎನ್ನುತ್ತಾರೆ. ಬಂದ ವಾರದೊಳಗೆ ನನ್ನ ಹೆಸರು ಅಳಿಸಿಹೋಗಿ ನಾನು ಮೈಸೂರ ಅಕ್ಕೋರಾದೆ. ಅತ್ತೆ ಅವ್ವಾರಾದಳು. ಎರಡು ಹೆಂಗಸರಿಗೆ ಮನೆ ಕೊಡಲು ಯಾರೂ ಮುಂದೆ ಬರದಿದ್ದಾಗ ಊರಿನ ಬಸನಗೌಡರು ತಮ್ಮ ಹಳೆಯ ಮನೆಯ ಎರಡು ಖೋಲಿ ಬಿಟ್ಟುಕೊಟ್ಟರು. ಖೋಲಿ ಎಂದರೆ ಕೋಣೆ. ನಮ್ಮಲ್ಲಿ ಹೆಂಚಿನ ಮಾಡು, ಮಳೆ ಬಂದರೆ ಸದ್ದು. ಇಲ್ಲಿ ಗೋಡೆಯೆಲ್ಲ ಕಲ್ಲು, ಮೇಲೆ ಮಣ್ಣು ಹಾಸಿದ ಸಪಾಟು ಮಾಳಿಗೆ. ಬೇಸಿಗೆಯಲ್ಲಿ ಊರಿಗೆ ಊರೇ ಹಾಸಿಗೆ ಹೊತ್ತು ಮಾಳಿಗೆ ಹತ್ತುತ್ತದೆ. ನಾಲ್ಕು ಜನರ ಕಣ್ಣೆದುರು ಹೇಗೆ ಮಲಗುವುದು ಎಂದು ಅತ್ತೆ ಮೊದಲ ಬೇಸಿಗೆಯೆಲ್ಲ ಒಳಗೇ ಬೆವತು ಬೆಂದಳು. ಎರಡನೆಯ ಬೇಸಿಗೆಗೆ ನನಗಿಂತ ಮುಂಚೆ ಏಣಿ ಹತ್ತಿ, ಗಾಳಿ ಬರುವ ಮೂಲೆ ಹಿಡಿದಳು.

ಊಟದ ಸಂಗತಿ ಹೇಳಿದರೆ ನಮ್ಮ ಕಡೆಯವರು ನಂಬುವುದಿಲ್ಲ. ಅನ್ನ ಎಂಬುದು ಹಬ್ಬಕ್ಕೆ. ದಿನಕ್ಕೆ ಜೋಳದ ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಲೆ, ಕಣ್ಣಲ್ಲಿ ನೀರು ಬರಿಸುವ ಕೆಂಪು ಖಾರ. ಇಲ್ಲಿಯ ಹೆಂಗಸರು ಎರಡು ಅಂಗೈಗಳ ನಡುವೆ ಬಡಿದು ರೊಟ್ಟಿಯನ್ನು ಬೆಳೆಸುವುದನ್ನು ನೋಡಿ ನಾನೂ ಕೈ ಹಾಕಿದೆ. ನನ್ನ ರೊಟ್ಟಿ ಯಾವ ಭೂಪಟದಲ್ಲೂ ಇಲ್ಲದ ದೇಶವಾಗುತ್ತಿತ್ತು. ಅತ್ತೆಯ ದುಃಖ ಬೇರೆ. ಇಲ್ಲಿ ಎಲ್ಲರೂ ಕುಡಿಯುವುದು ಚಹಾ. ನಂಜನಗೂಡಿನಿಂದ ಅಣ್ಣ ಕಳಿಸುವ ಕಾಫಿ ಪುಡಿಯ ಡಬ್ಬಿಯನ್ನು ಅವಳು ದೇವರ ಮಂಟಪದ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಮಾತೂ ಅಷ್ಟೆ. ಇವರು ಸುತ್ತಿ ಬಳಸಿ ಮಾತಾಡುವವರಲ್ಲ. "ಯಾಕ್ ಬಂದ್ರಿ ಇಷ್ಟ್ ದೂರ? ನಿಮ್ಮೂರಾಗ ಕೆಲ್ಸ ಇದ್ದಿಲ್ಲೇನು?" ಎಂದು ಮುಖಕ್ಕೇ ಕೇಳುತ್ತಾರೆ. ಮೊದಮೊದಲು ಜಗಳಕ್ಕೆ ಬಂದರೇನೋ ಎಂದು ನಾನು ಹಿಂದೆ ಸರಿಯುತ್ತಿದ್ದೆ. ಆಮೇಲೆ ತಿಳಿಯಿತು, ಕೇಳಿದವರೇ ಸಂಜೆ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿಯ ಚಟ್ನಿಪುಡಿ, ಕೊಟ್ಟು ಕಳಿಸುತ್ತಾರೆ.

ಐವತ್ತಾರರ ನವೆಂಬರಿನಲ್ಲಿ ಕನ್ನಡ ನಾಡು ಒಂದಾಯಿತು. ಶಾಲೆಯ ಅಂಗಳದಲ್ಲಿ ಬಾವುಟ ಹಾರಿಸಿ ಮಕ್ಕಳಿಗೆ ಬೆಲ್ಲ ಶೇಂಗಾ ಹಂಚಿದೆವು. ನನ್ನೂರೂ ಈ ಊರೂ ಅಂದಿನಿಂದ ಒಂದೇ ರಾಜ್ಯ. ಅವತ್ತು ಸಂಜೆ ಮಾಳಿಗೆಯ ಮೇಲೆ ಕೂತು, ಇನ್ನು ನಾನು ಪರದೇಶಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಷ್ಟೇ. ಕೆಳಗೆ ಅತ್ತೆ ಯಾರಿಗೋ, ನಮ್ಮ ಕಡೆ ಹೀಗಲ್ಲಮ್ಮ, ನಮ್ಮ ಕಡೆ ಹೀಗಲ್ಲ ಎಂದು ಹೇಳುತ್ತಿದ್ದಳು. ನನಗೆ ಅಳು ಬಂತು.

ಸಂಜೆ ಹೊತ್ತು ಹೆಂಗಸರಿಗೆ ಅಕ್ಷರ ಕಲಿಸುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಊರೊಳಗಿನ ಹೆಂಗಸರು ಶಾಲೆಯ ಕಟ್ಟೆಯ ಮೇಲೆ, ಊರ ಹೊರಗಿನ ಕೇರಿಯ ಹೆಂಗಸರು ಕೆಳಗೆ ಬೇವಿನ ಮರದಡಿ. ಹಾಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ. ಅ ಆ ತಿದ್ದಿ ಬೇಸರವಾದಾಗ ಹುಬ್ಬಳ್ಳಿಯಿಂದ ಮರುದಿನ ತಲುಪುವ ಪತ್ರಿಕೆ ಓದುತ್ತಿದ್ದೆ, ಇಲ್ಲವೇ ಮಕ್ಕಳಿಗೆ ಮಾಡಿದ ಇತಿಹಾಸದ ಪಾಠವನ್ನೇ ಕಥೆ ಮಾಡಿ ಹೇಳುತ್ತಿದ್ದೆ. ಕಥೆ ಇರುವ ದಿನ ಗಂಡಸರೂ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದರು.

ಅಮೆರಿಕದವರು ಇಂಗ್ಲಿಷ್ ದೊರೆಗೆ ತೆರಿಗೆ ಕೊಡೆವೆಂದು ಹಟ ಹಿಡಿದು, ಹಡಗಿನಲ್ಲಿ ಬಂದ ಚಹಾ ಪೆಟ್ಟಿಗೆಗಳನ್ನೆಲ್ಲ ಸಮುದ್ರಕ್ಕೆ ಚೆಲ್ಲಿದ ಕಥೆಯನ್ನು ಹೇಳಿದ ಸಂಜೆ ಬಸನಗೌಡರೂ ಇದ್ದರು. ಅವರ ಮುಖ ಅರಳಿತು. ನಿಜಾಮರ ಕಾಲದಲ್ಲಿ ಅವರು ಸರಹದ್ದಿನಾಚೆಯ ಶಿಬಿರದಲ್ಲಿದ್ದು ಹೋರಾಡಿದವರು, ಕಲಬುರ್ಗಿಯ ಜೈಲು ಕಂಡವರು. "ನಾವೂ ಅದನ್ನ ಮಾಡೀವ್ರಿ ಅಕ್ಕೋರ," ಎಂದರು. ಇಲ್ಲಿ ಶಿಂದಿ ಎನ್ನುವುದು ಈಚಲು ಮರದಿಂದ ಇಳಿಸುವ ಹೆಂಡ. ಅದರ ಗುತ್ತಿಗೆಯಿಂದ ನಿಜಾಮರ ಬೊಕ್ಕಸಕ್ಕೆ ದೊಡ್ಡ ಆದಾಯ. ಆ ಆದಾಯಕ್ಕೇ ಕೊಡಲಿ ಹಾಕಬೇಕೆಂದು ಚಳವಳಿಯ ಜನ ಹಳ್ಳದ ದಂಡೆಯ ಶಿಂದಿ ಗಿಡಗಳನ್ನು ಸಾಲುಸಾಲಾಗಿ ಕಡಿದುರುಳಿಸಿದ್ದರಂತೆ. ಕೊಡಲಿ ಹಿಡಿದವರಲ್ಲಿ ಮುಂದಿನವರು ಈ ಗೌಡರು. ಅವರು ಹೇಳುವಾಗ ಗೋಡೆಗೆ ಒರಗಿದವರೆಲ್ಲ ನೆಟ್ಟಗೆ ನಿಂತರು. ನಂಜನಗೂಡಿನ ತರಗತಿಯಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡುವ ಅಮೆರಿಕದ ಆ ಪ್ರಸಂಗ ಇಲ್ಲಿಯವರಿಗೆ ನೆರೆಮನೆಯ ಸುದ್ದಿಯಾಗಿತ್ತು. ನನಗೆ ಹೆಮ್ಮೆಯೆನಿಸಿತು.

ಆಗ ಬೇವಿನ ಮರದಡಿಯಿಂದ ಭೀಮವ್ವ ಕೇಳಿದಳು. ಕೇರಿಯ ಹೆಂಗಸು, ನಲವತ್ತರ ಆಚೀಚೆ, ಗೌಡರ ಹೊಲದಲ್ಲಿ ಕೂಲಿ. ಅಕ್ಷರ ಬೇಗ ಹತ್ತುತ್ತಿರಲಿಲ್ಲ, ಪ್ರಶ್ನೆ ಬೇಗ ಹತ್ತುತ್ತಿತ್ತು.

"ಅಕ್ಕೋರ, ಆ ಚಹಾ ಕುಡ್ಯಾವ್ರ ಮನ್ಯಾಗ ನೀರ್ ಹೊರಾವ್ರು ಯಾರಿದ್ರಿ?"

ಸುಳ್ಳು ಹೇಳಲಾಗಲಿಲ್ಲ. ಬಹಳ ಮನೆಗಳಲ್ಲಿ ಗುಲಾಮರಿದ್ದರು, ಆಫ್ರಿಕದಿಂದ ಹಿಡಿದು ತಂದ ಕರಿಯ ಜನ, ಎಲ್ಲರೂ ಸಮಾನರು ಎಂದು ಬರೆದವರೇ ಅವರನ್ನು ಕೊಂಡು ಮಾರುತ್ತಿದ್ದರು ಎಂದೆ. ಮುಂದೆ ಆ ಗುಲಾಮಗಿರಿ ಹೋಗಲು ಅಲ್ಲಿ ಅಣ್ಣತಮ್ಮಂದಿರೇ ಹೊಡೆದಾಡಿದ ಯುದ್ಧ ನಡೆಯಬೇಕಾಯಿತು, ಓಡಿಬಂದ ಗುಲಾಮರನ್ನು ಮನೆಯಿಂದ ಮನೆಗೆ ಅಡಗಿಸಿ ದಾಟಿಸಿದ ಸಾಮಾನ್ಯ ಜನರೂ ಇದ್ದರು ಎಂದೂ ಹೇಳಿದೆ. ಭೀಮವ್ವ ಹೂಂ ಎಂದಳು. ಗೌಡರು ಎತ್ತಿಗೆ ಮೇವು ಹಾಕಬೇಕೆಂದು ಎದ್ದು ಹೋದರು.

ಈಗ ಬಾವಿಯ ವಿಷಯ. ನಮ್ಮ ಖೋಲಿಯ ಮುಂದೆಯೇ ಗೌಡರ ಬಾವಿ. ಊರಿನಲ್ಲಿ ಸಿಹಿನೀರು ಅದೊಂದೇ. ಕೇರಿಯ ಹೆಂಗಸರು ಕೊಡ ಹಿಡಿದು ಬಂದು, ಬಾವಿಯ ಕಟ್ಟೆಯಿಂದ ಆಚೆ ಒಂದು ಚಪ್ಪಡಿ ಕಲ್ಲಿನ ಹತ್ತಿರ ನಿಲ್ಲಬೇಕು. ಕೊಡವನ್ನು ಚಪ್ಪಡಿಯ ಮೇಲಿಟ್ಟು ಹಿಂದೆ ಸರಿಯಬೇಕು. ಗೌಡರ ಮನೆಯವರೋ, ನೀರಿಗೆ ಬಂದ ಬೇರೆ ಯಾರೋ ಮನಸ್ಸು ಬಂದಾಗ ಸೇದಿ, ತಮ್ಮ ಕೊಡ ತಾಗದ ಹಾಗೆ ಮೇಲಿನಿಂದ ಸುರಿಯುತ್ತಾರೆ. ಕೈ ಬಿಡುವಿಲ್ಲದಿದ್ದರೆ ಕಾಯಬೇಕು. ಹತ್ತಿಯ ಕಾಲದಲ್ಲಿ ಮಾತ್ರ ಅವರಿಗೆ ಬೇಗ ನೀರು ಸಿಗುತ್ತಿತ್ತು, ಗೌಡರಿಗೆ ಹೊಲದಲ್ಲಿ ಕೈ ಬೇಕಲ್ಲ. ಅಸ್ಪೃಶ್ಯತೆ ಅಪರಾಧ ಎಂಬ ಕಾನೂನು ದಿಲ್ಲಿಯಲ್ಲಿ ಆಗಲೇ ಆಗಿತ್ತು. ಬಾವಿಯವರೆಗೆ ಬಂದಿರಲಿಲ್ಲ.

ಆ ಚಳಿಗಾಲದಲ್ಲಿ ನಾನು ಓದುತ್ತಿದ್ದ ಪತ್ರಿಕೆಯಲ್ಲಿ ಆಗಾಗ ಅಮೆರಿಕದ ದಕ್ಷಿಣದ ಒಂದು ಪಟ್ಟಣದ ಸುದ್ದಿ ಇರುತ್ತಿತ್ತು. ಅಲ್ಲಿ ಬಸ್ಸಿನ ಮುಂದಿನ ಸೀಟು ಬಿಳಿಯರಿಗೆ, ಹಿಂದಿನದು ಕರಿಯರಿಗೆ. ಬಿಳಿಯನಿಗೆ ಜಾಗ ಸಾಲದಿದ್ದರೆ ಕೂತ ಕರಿಯರು ಏಳಬೇಕು. ಒಬ್ಬ ಹೆಂಗಸು ಏಳಲಿಲ್ಲ. ಅವಳನ್ನು ಹಿಡಿದರು. ಅಂದಿನಿಂದ ಆ ಪಟ್ಟಣದ ಕರಿಯರೆಲ್ಲ ಬಸ್ಸು ಬಿಟ್ಟು ನಡೆಯಲು ತೊಡಗಿದರು. ಬಿಳಿಯರ ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದು ಕೆಲಸಕ್ಕೆ ಹೋದರು. ಖಾಲಿ ಬಸ್ಸುಗಳು ಓಡಿದವು, ಕಂಪನಿಗೆ ನಷ್ಟವಾಯಿತು. ಇದನ್ನು ಓದಿದಾಗ ಅತ್ತೆ ಕಣ್ಣರಳಿಸಿ, "ಅಮೆರಿಕಾದಲ್ಲೂ ಮಡಿ ಮೈಲಿಗೆ ಉಂಟೇನೇ?" ಎಂದಳು. ಸಂಕ್ರಾಂತಿಯ ಹೊತ್ತಿಗೆ ಅವರು ಗೆದ್ದ ಸುದ್ದಿ ಬಂತು. ನ್ಯಾಯಾಲಯದ ತೀರ್ಪಿನಿಂದ ಗೆದ್ದದ್ದು ನಿಜ. ಆದರೆ ತೀರ್ಪು ಬರುವವರೆಗೆ ಒಂದು ವರ್ಷಕ್ಕೂ ಮೇಲೆ ನಡೆದರಲ್ಲ, ಅದನ್ನು ಎರಡು ಸಲ ಓದಿದೆ.

ಮರುದಿನ ಬೆಳಿಗ್ಗೆ ಚಪ್ಪಡಿಯ ಮೇಲೆ ಒಂದು ಕೊಡವೂ ಇರಲಿಲ್ಲ. ಭೀಮವ್ವನ ಹಿಂದೆ ಕೇರಿಯ ಹೆಂಗಸರೆಲ್ಲ ಹಳ್ಳದ ದಾರಿ ಹಿಡಿದಿದ್ದರು. ಹಳ್ಳವೆಂದರೆ ಇಲ್ಲಿ ತೊರೆ. ಊರಿಂದ ದೂರ, ದಾರಿಯಲ್ಲಿ ಮುಳ್ಳು, ಬರುವಾಗ ತಲೆಯ ಮೇಲೆ ತುಂಬಿದ ಕೊಡ. ನಾನು ಕಥೆ ಹೇಳಿದೆ, ಇವರು ನಡೆದೇಬಿಟ್ಟರು. ನನಗೆ ಹೆದರಿಕೆಯಾಯಿತು.

ಹೆದರಿಕೆಗಿಂತ ಹೆಚ್ಚು ಕಾಡಿದ್ದು ಲೆಕ್ಕ ತಪ್ಪಿದೆ ಎಂಬ ಚಿಂತೆ. ಬಸ್ಸು ಓಡಲು ಜನ ಬೇಕು. ಬಾವಿಗೆ ಯಾರು ಬೇಕು? ಮೂರ್ನಾಲ್ಕು ದಿನದಲ್ಲಿ ಊರವರೇ ನಗತೊಡಗಿದರು. ಬಂದು ನಿಲ್ಲುವವರ ಕಾಟ ತಪ್ಪಿತು, ನೀರೂ ಉಳಿಯಿತು ಎಂದರು. ಸಂಜೆ ಶಾಲೆಯ ಅಂಗಳದಲ್ಲಿ ಭೀಮವ್ವ ಅದನ್ನೇ ಎತ್ತಿದಳು.

"ಬಸ್ಸಿಗಿ ಅವ್ರು ಹತ್ತಲಿಲ್ಲ, ಬಸ್ಸಿನವ್ಗ ನುಕ್ಸಾನ ಆತು. ನಾವು ಹೋಗಲಿಲ್ಲಂದ್ರ ಬಾವಿಗೇನು ನುಕ್ಸಾನ್ರಿ?"

ಹಾಗಾದರೆ ನಿಲ್ಲಿಸುತ್ತೀರಾ ಎಂದು ಕೇಳಿದೆ. ಹಳ್ಳದಲ್ಲಿ ನೀರು ಇರುವವರೆಗೆ ಚಪ್ಪಡಿಯ ಹತ್ತಿರ ನಿಲ್ಲುವುದಿಲ್ಲ ಎಂದಳು. ಶಿವರಾತ್ರಿ ದಾಟಿದರೆ ಹಳ್ಳ ಬತ್ತುತ್ತದೆ, ಆಮೇಲಿನದು ಆಮೇಲೆ. ಅಷ್ಟು ಹೇಳಿ ಏಳುವಾಗ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಹವಾಮಾನ ಕೇಳಿದ ಹಾಗೆ ಕೇಳಿದಳು.

"ನೀವು ಯಾ ನೀರ್ ಕುಡ್ಯಾಕತ್ತೀರಿ, ಅಕ್ಕೋರ?"

ಗೌಡರ ಬಾವಿಯದು. ಬೇರೆ ಯಾವುದು? ಮನೆ ಅವರದು, ಬಾವಿ ಬಾಗಿಲ ಮುಂದೆ, ಅವರು ನಮ್ಮನ್ನು ಒಂದು ದಿನವೂ ಪರಕೀಯರಂತೆ ಕಂಡವರಲ್ಲ. ಮನೆಗೆ ಬಂದು ಅತ್ತೆಗೆ ಹೇಳಿದೆ. ನಾಳೆಯಿಂದ ನಾನೂ ಹಳ್ಳಕ್ಕೆ ಹೋಗುತ್ತೇನೆ, ಗೌಡರು ಮನೆ ಬಿಡಿ ಎಂದರೆ ಬಿಡೋಣ ಎಂದೆ. ಕೇರಿಯವರ ಜೊತೆ ನೀರಿಗೆ ಹೋಗುವ ಮಾತಿಗೆ ಅತ್ತೆ ಹಾರಿಬೀಳುತ್ತಾಳೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವಳು ಕಾಫಿ ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು.

"ಬಾವಿಗೆ ನೂರು ಜನದ ಹಗ್ಗ ಬೀಳತ್ತೆ. ಹರಿಯೋ ನೀರಿಗೆ ಮೈಲಿಗೆ ಇಲ್ಲ. ನಾನು ಬಂದ ದಿನಾನೇ ಹಳ್ಳದ ನೀರು ತರಬೇಕಿತ್ತು, ನೀನು ಹೇಳಲಿಲ್ಲ," ಎಂದಳು.

ಮರುದಿನ ಬೆಳಗಿನ ಜಾವ ಒದ್ದೆ ಸೀರೆಯುಟ್ಟು ಹಿತ್ತಾಳೆ ಬಿಂದಿಗೆ ಹಿಡಿದು ಅವಳೇ ಮುಂದೆ ನಡೆದಳು. ಯಾರೂ ತನ್ನನ್ನು ಮುಟ್ಟಬಾರದು ಎಂದು ದಾರಿಯುದ್ದಕ್ಕೂ ಎಚ್ಚರಿಸುತ್ತಲೇ ಇದ್ದಳು. ಹೆಂಗಸರು ನಕ್ಕು ದಾರಿ ಬಿಟ್ಟುಕೊಟ್ಟರು. ಅವಳು ನಡೆದದ್ದು ತನ್ನ ಮಡಿಗಾಗಿ. ಊರಿನವರಿಗೆ ಕಂಡದ್ದು ಮಾತ್ರ ಬೇರೆ. ಮೈಸೂರ ಅವ್ವಾರೂ ಬಾವಿ ಬಿಟ್ಟರಂತೆ ಎಂಬ ಸುದ್ದಿ ಸಗರದವರೆಗೆ ಹೋಯಿತು. ಗೌಡರ ಮನೆಯ ಹೆಂಗಸರು ನನ್ನೊಡನೆ ಮಾತು ಬಿಟ್ಟರು. ಶೇಂಗಾ ಹಿಂಡಿ ಬರುವುದು ನಿಂತಿತು. ಮನೆ ಬಿಡಿ ಎಂದು ಮಾತ್ರ ಗೌಡರು ಹೇಳಲಿಲ್ಲ.

ಅಷ್ಟರಲ್ಲಿ ಹತ್ತಿ ಒಡೆಯಿತು. ಹೊಲವೆಲ್ಲ ಬೆಳ್ಳಗೆ. ನಮ್ಮ ಕಡೆ ಭತ್ತದ ಗದ್ದೆ ನೋಡಿ ಬೆಳೆದವಳಿಗೆ ಹತ್ತಿಯ ಕೆಲಸ ಗೊತ್ತಿರಲಿಲ್ಲ. ಇಲ್ಲಿ ಹತ್ತಿಯನ್ನು ಇಬ್ಬನಿ ಆರುವ ಮೊದಲೇ ಬಿಡಿಸುತ್ತಾರೆ. ಆಗ ಕಾಯಿಯ ಸುತ್ತಲಿನ ಎಲೆ ಮೆತ್ತಗಿರುತ್ತದೆ. ಬಿಸಿಲೇರಿದರೆ ಅದೇ ಎಲೆ ಹಪ್ಪಳವಾಗಿ, ಕೈ ಸೋಕಿದರೆ ಪುಡಿಯಾಗಿ ಹತ್ತಿಗೆ ಹತ್ತಿಕೊಳ್ಳುತ್ತದೆ. ಎಷ್ಟು ಆರಿಸಿದರೂ ಬಿಡದು. ಕೇರಿಯ ಹೆಂಗಸರು ಹಳ್ಳಕ್ಕೆ ಹೋಗಿ, ನೀರು ತಂದು, ಒಲೆ ಹಚ್ಚಿ, ರೊಟ್ಟಿ ಕಟ್ಟಿಕೊಂಡು ಹೊಲ ಮುಟ್ಟುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಇದು ಯಾರ ಹೂಟವೂ ಅಲ್ಲ. ನಡೆದರೆ ತಡವಾಗುತ್ತದೆ, ಅಷ್ಟೆ. ಸಂಜೆ ನೀರು ತಂದಿಡಬಾರದೇ ಎಂದು ಗೌಡರ ಆಳು ಕೇಳಿದನಂತೆ. ಹೊಲ ಬಿಡುವ ಹೊತ್ತಿಗೆ ಕತ್ತಲು, ಮುಳ್ಳುದಾರಿ, ಹಾವು ಕಚ್ಚಿದರೆ ನೀನು ಬರುತ್ತೀಯಾ ಎಂದರಂತೆ.

ಯಾದಗಿರಿಯ ಅಡತಿ ಅಂಗಡಿಗೆ, ಅಂದರೆ ದಲಾಲರ ಮಳಿಗೆಗೆ, ಹೋದ ಮೊದಲ ಬಂಡಿಯ ಹತ್ತಿಯನ್ನು ದಲಾಲರು ಮುಷ್ಟಿ ತುಂಬ ಹಿರಿದು ನೋಡಿ, ಇದೇನು ಗೌಡರ ಹತ್ತಿಯೋ ಕಸಬರಿಗೆಯೋ ಎಂದು ಕೇಳಿದರಂತೆ. ಗೌಡರು ಜೈಲಿಗೆ ತಲೆ ಬಾಗದವರು, ಈ ಮಾತಿಗೆ ಕುಗ್ಗಿ ಬಂದರು. ಬೇರೆ ಊರಿಂದ ಆಳು ತರಲು ನೋಡಿದರು. ಎಲ್ಲರ ಹೊಲವೂ ಒಡೆದಿತ್ತು, ಯಾರೂ ಸಿಗಲಿಲ್ಲ. ಹಳ್ಳದ ನೀರು ದಿನದಿನಕ್ಕೆ ಸಣ್ಣದಾಗುತ್ತಿತ್ತು, ಹೊಲದ ಹತ್ತಿ ದಿನದಿನಕ್ಕೆ ಉದುರುತ್ತಿತ್ತು. ಮೊದಲು ಯಾವುದು ಮುಗಿಯುತ್ತದೆ ಎಂದು ಎರಡೂ ಕಡೆಯವರು ಕಾದರು. ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಕೊನೆಗೆ ಗೌಡರು ಭೀಮವ್ವನನ್ನು ಕರೆಸಿದರು. ನನ್ನನ್ನೂ ಬರಹೇಳಿದರು. ಅವರು ಕಟ್ಟೆಯ ಮೇಲೆ, ಭೀಮವ್ವ ಅಂಗಳದಲ್ಲಿ, ನಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಮೆಟ್ಟಿಲ ಮೇಲೆ. ಗೌಡರು ನಯವಾಗಿಯೇ ಮಾತಾಡಿದರು. ಬೆಳಗಾಗುವ ಮೊದಲೇ ಬಾವಿಯ ಹತ್ತಿರ ಒಬ್ಬ ಆಳು ನಿಲ್ಲಿಸುತ್ತೇನೆ, ಬಂದವರಿಗೆ ಬಂದ ಹಾಗೆ ಸೇದಿ ಹಾಕುತ್ತಾನೆ, ವರ್ಷವಿಡೀ ಯಾರೂ ಕಾಯಬೇಕಿಲ್ಲ ಎಂದರು. ಅವರ ಮಟ್ಟಿಗೆ ಅದು ಸಣ್ಣ ಮಾತಲ್ಲ. ಒಪ್ಪಿಕೋ ಎಂದು ನಾನೇ ಹೇಳಿಬಿಡುತ್ತಿದ್ದೆನೇನೋ, ಭೀಮವ್ವ ಮೊದಲು ಬಾಯಿ ತೆರೆದಳು.

"ಹಿಂದಿನ ಸೀಟು ಲಗೂ ಸಿಕ್ಕಂಗ ಆತ್ರಿ, ಗೌಡ್ರ. ನಮಗ ಹಗ್ಗ ಬೇಕ್ರಿ."

ಬಾವಿ ಗೌಡರ ಅಜ್ಜ ತೋಡಿಸಿದ್ದು. ಒಳಗೆ ಬಾಗಿಲ ಸಂದಿಯಲ್ಲಿ ಮನೆಯ ಹೆಂಗಸರು ನಿಂತಿದ್ದರು. ಗೌಡರು ನನ್ನ ಕಡೆ ನೋಡಿದರು, ಭೀಮವ್ವನ ಕಡೆಯಲ್ಲ.

"ಶಿಂದಿ ಗಿಡ ಕಡಿಯೂಮುಂದ ನಿಜಾಮಗ ಹೀಂಗ ಅನಿಸಿರ್ಬೇಕ್ರಿ," ಎಂದರು. ತಮಾಷೆಗೆ ಹೇಳಿದರೋ ನೋವಿಗೆ ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಎದ್ದು ಒಳಗೆ ಹೋಗುವಾಗ, "ನಾಳಿಂದ ಸೇದಿಕೊಳ್ರಿ," ಎಂದಷ್ಟೇ ಅಂದರು.

ಮರುದಿನ ಬಾವಿಯ ಸುತ್ತ ಊರೇ ಸೇರಿತ್ತು. ಭೀಮವ್ವ ಚಪ್ಪಡಿ ದಾಟಿ ಕಟ್ಟೆ ಹತ್ತಿದಳು. ಹಗ್ಗದ ಕುಣಿಕೆಯನ್ನು ಕೊಡದ ಕುತ್ತಿಗೆಗೆ ಹಾಕಿ ಇಳಿಬಿಟ್ಟಳು. ಅಲ್ಲಿಯವರೆಗೆ ಸರಿ. ಆಮೇಲೆ ನಾವು ಯಾರೂ ಯೋಚಿಸದಿದ್ದ ಒಂದು ಸಂಗತಿ ಎದುರಾಯಿತು. ಅಷ್ಟು ವಯಸ್ಸಿನ, ಬೆಳೆದ ಮಕ್ಕಳ ತಾಯಿ, ಹುಟ್ಟಿದಂದಿನಿಂದ ನೀರು ಹೊತ್ತವಳು ಒಂದು ದಿನವೂ ಬಾವಿಯಲ್ಲಿ ನೀರು ಸೇದಿರಲಿಲ್ಲ. ತುಂಬಿದ ಕೊಡದ ಭಾರ ಒಮ್ಮೆಲೇ ಬಿದ್ದು ಹಗ್ಗ ಅವಳ ಅಂಗೈಯಲ್ಲಿ ಸರ್ರನೆ ಜಾರಿತು. ರಾಟೆ ಕಿರುಚಿತು. ಗುಂಪಿನಲ್ಲಿ ಯಾರೋ ನಕ್ಕರು. ಇವರ ಕೈಗೆ ಬಾವಿ ಒಲಿಯುವುದಿಲ್ಲ ಎಂದು ಇನ್ನೊಬ್ಬರು ಅಂದರು.

ಬಿಂದಿಗೆ ಹಿಡಿದು ಹಳ್ಳಕ್ಕೆ ಹೊರಟಿದ್ದ ಅತ್ತೆ ಅಲ್ಲೇ ನಿಂತು ನೋಡುತ್ತಿದ್ದಳು. ಅವಳಿಗೆ ಕೆಲಸ ಕೆಟ್ಟು ಹೋಗುವುದನ್ನು ನೋಡಿದರೆ ಆಗದು. ಕೈ ಮೇಲೆ ಕೈ ಇಡು, ಮೈ ಹಿಂದಕ್ಕೆ ಹಾಕು ಎಂದು ಮೊದಲು ದೂರದಿಂದಲೇ ಹೇಳಿದಳು. ಹಗ್ಗ ಇನ್ನೂ ಜಾರುತ್ತಿತ್ತು. ಅತ್ತೆ ಬಿಂದಿಗೆ ಕೆಳಗಿಟ್ಟು, ಸೀರೆ ಎತ್ತಿ ಕಟ್ಟಿ, ಕಟ್ಟೆ ಹತ್ತಿ ಭೀಮವ್ವನ ಹಿಂದೆ ನಿಂತು ಅದೇ ಹಗ್ಗ ಹಿಡಿದಳು. ಭೀಮವ್ವನ ಕೈಗಳ ಮೇಲೆ ಅವಳ ಕೈಗಳು. ಇಬ್ಬರೂ ಸೇರಿ ಎಳೆದರು. ಕೊಡ ಮೇಲೆ ಬಂತು, ಅರ್ಧ ಚೆಲ್ಲಿತ್ತು. ಅತ್ತೆ ಕೆಳಗಿಳಿದು ಯಾರ ಮುಖವನ್ನೂ ನೋಡದೆ ನೇರ ಹಳ್ಳಕ್ಕೆ ಹೋಗಿ ಮುಳುಗಿ ಎದ್ದು ಬಂದಳು. ಅವಳನ್ನು ದೊಡ್ಡವಳನ್ನಾಗಿ ಮಾಡಿ ಬರೆಯುವ ಆಸೆ ನನಗಿದೆ. ಆದರೆ ಅವಳು ಸ್ನಾನ ಮಾಡಿದಳು.

ಗೆಲುವು ಪೂರ್ತಿಯಲ್ಲ. ಊರೊಳಗಿನ ಕೆಲವು ಮನೆಯವರು ಆ ಬಾವಿ ಬಿಟ್ಟು ಸವುಳು ನೀರಿನ ಬಾವಿಗೆ ಹೋದರು. ಹೊಟ್ಟೆ ಉಬ್ಬರಿಸಿ ಬೇಸಿಗೆ ಮುಗಿಯುವಷ್ಟರಲ್ಲಿ ಒಬ್ಬೊಬ್ಬರೇ ಹಿಂದಿರುಗಿದರು. ಗೌಡರ ಮನೆಯ ಹೆಂಗಸರು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸೇದಿಟ್ಟುಕೊಳ್ಳುವ ಹೊಸ ಪದ್ಧತಿ ಮಾಡಿಕೊಂಡರು. ಹತ್ತಿ ಮಾತ್ರ ಇಬ್ಬನಿಯಲ್ಲೇ ಬಿಡಿಸುವಂತಾಯಿತು. ಶೇಂಗಾ ಹಿಂಡಿ ಮತ್ತೆ ಬಂತು, ತಡವಾಗಿ.

ಆ ಬೇಸಿಗೆಯ ರಜೆಗೆ ನಂಜನಗೂಡಿಗೆ ಹೋದೆವು. ಅಣ್ಣನ ಮಕ್ಕಳು ನನ್ನ ಮಾತು ಕೇಳಿ ನಕ್ಕರು. ನಾನು ನನಗೆ ತಿಳಿಯದೆಯೇ ಹೌದ್ರಿ ಎನ್ನುತ್ತಿದ್ದೆನಂತೆ. ಅಲ್ಲಿ ಮೈಸೂರ ಅಕ್ಕೋರು, ಇಲ್ಲಿ ನಿಜಾಮರ ಸೀಮೆಯವಳು. ನಮ್ಮ ಹಿತ್ತಲಿನ ಬಾವಿಯ ಆಚೆ, ಗೋಡೆಯ ಬದಿಯಲ್ಲಿ, ಅಂಗಳ ಗುಡಿಸುವ ಕೆಂಪಿ ಮಡಕೆಯಿಟ್ಟು ನಿಂತಿದ್ದಳು. ಕೆಂಪಿಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅವಳು ಅಲ್ಲಿ ನಿಲ್ಲುವುದನ್ನು ಅವತ್ತೇ ಮೊದಲು ನೋಡಿದ್ದು. ಅತ್ತೆ ಹಗ್ಗವನ್ನು ಕಟ್ಟೆಯ ಅಂಚಿನವರೆಗೆ ಎಳೆದಿಟ್ಟು, ನೀನೇ ಸೇದಿಕೋ ಎಂದಳು. ಕೆಂಪಿ ಹೆದರಿ ಗೋಡೆಗೆ ಅಂಟಿಕೊಂಡಳು. ಅಮ್ಮಾವ್ರೇ, ನಾನೇನು ತಪ್ಪು ಮಾಡಿದೆ ಎಂದಳು. ಅತ್ತಿಗೆ ಒಳಗಿನಿಂದ ಬಂದು ಹಗ್ಗ ತೆಗೆದು ರಾಟೆಗೆ ಸುತ್ತಿದರು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ರಜೆ ಇನ್ನೂ ಉಳಿದಿರುವಾಗಲೇ ಅತ್ತೆ ಟ್ರಂಕು ತುಂಬಿದಳು.

ಯಾದಗಿರಿಯಲ್ಲಿ ಇಳಿದು, ಬಸ್ಸು ಬಂಡಿ ಹಿಡಿದು, ಧೂಳು ತುಂಬಿದ ಮೈಯಲ್ಲಿ ಖೋಲಿಯ ಮುಂದೆ ಬಂದಾಗ ಬಿಸಿಲು ಇಳಿಯುತ್ತಿತ್ತು. ನಾವು ಹೊರಡುವಾಗ ಎಳೆಯಾಗಿ ಹರಿಯುತ್ತಿದ್ದ ಹಳ್ಳ ಈಗ ಪೂರ್ತಿ ಬತ್ತಿತ್ತು. ಮನೆಯಲ್ಲಿ ಹನಿ ನೀರಿಲ್ಲ. ಅತ್ತೆ ಬಿಂದಿಗೆ ಹಿಡಿದು ಬಾವಿಯ ಹತ್ತಿರ ಹೋದಳು. ಭೀಮವ್ವ ಕಟ್ಟೆಯ ಮೇಲೆ ನಿಂತು ನೀರು ಸೇದುತ್ತಿದ್ದಳು. ಈಗ ಅವಳ ಕೈ ಪಳಗಿತ್ತು. ನಮ್ಮನ್ನು ಕಂಡು ಹಿಗ್ಗಿ, ಊರಿನ ಸುದ್ದಿ ಎಲ್ಲ ವಿಚಾರಿಸಿ, "ನಿಮ್ಮೂರಾಗ ಬಾವಿ ಹ್ಯಾಂಗೈತ್ರಿ, ಅವ್ವಾರ?" ಎಂದು ಕೇಳಿದಳು.

"ನಮ್ಮೂರಲ್ಲಾ?" ಎಂದಳು ಅತ್ತೆ. "ಅಲ್ಲಿ ಇನ್ನೂ ಯಾರೂ ನಡೆಯೋಕೆ ಶುರು ಮಾಡಿಲ್ಲ ಕಣೇ."

ಭೀಮವ್ವ ತಲೆಯಾಡಿಸಿದಳು. ತುಂಬಿದ ಕೊಡ ಅವಳ ಕೈಯಲ್ಲೇ ಇತ್ತು. ಅತ್ತೆಯ ಖಾಲಿ ಬಿಂದಿಗೆಯನ್ನು ನೋಡಿ, ಕೇಳಲೋ ಬೇಡವೋ ಎಂದು ಒಂದು ಕ್ಷಣ ತಡೆದು, "ಹಾಕ್ಲೇನ್ರಿ?" ಎಂದಳು. ಅತ್ತೆ ಬಿಂದಿಗೆಯನ್ನು ಸೊಂಟದಿಂದ ಇಳಿಸಲಿಲ್ಲ. ಬಾವಿ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಅದನ್ನು ಕಟ್ಟೆಯ ಮೇಲೆ, ಭೀಮವ್ವನ ಕಾಲ ಬಳಿ ಇಟ್ಟಳು.

"ಹಾಕು. ರೈಲಲ್ಲಿ ಬಂದಿದೀನಿ, ಹೇಗೂ ಸ್ನಾನ ಆಗ್ಬೇಕು."

ಭೀಮವ್ವ ಸುರಿದಳು, ಕೊಡದ ಬಾಯಿ ಬಿಂದಿಗೆಗೆ ತಾಗಿಸಿಯೇ. ಅತ್ತೆ ಅದನ್ನು ಹೊತ್ತು ಒಳಗೆ ತಂದಳು. ಸ್ನಾನಕ್ಕೆ ಎಂದಿದ್ದ ನೀರಿನಲ್ಲಿ ಮೊದಲು ಒಂದು ಪಾತ್ರೆ ತೆಗೆದು ಒಲೆಯ ಮೇಲಿಟ್ಟಳು. ನಂಜನಗೂಡಿನಿಂದ ತಂದ ಪುಡಿ, ಇಲ್ಲಿಯ ನೀರು. ಇಬ್ಬರೂ ಹೊಸ್ತಿಲ ಮೇಲೆ ಕೂತು ಕಾಫಿ ಕುಡಿದೆವು.